ಎಂಜಿನ್ ಕೊಟ್ಟ ಅಂಕಿಯನ್ನು ಓದುವುದು ಹೇಗೆ: ಆಡಿ ಮುಗಿದ ಚೆಸ್ ಆಟಗಳ ವಿಶ್ಲೇಷಣೆ

ಮುಗಿದ ಆಟವೊಂದನ್ನು ಎಂಜಿನ್‌ಗೆ, ಅಂದರೆ ಚೆಸ್ ನಡೆಗಳನ್ನು ಲೆಕ್ಕ ಹಾಕುವ ತಂತ್ರಾಂಶಕ್ಕೆ, ಒಪ್ಪಿಸಿ, ಎಷ್ಟು ನಡೆಗಳಿಗೆ ಕೆಂಪು ಗುರುತು ಬಿತ್ತು ಎಂದು ಎಣಿಸಿ ಮುಚ್ಚಿಡುವುದನ್ನೇ ಅನೇಕರು ವಿಶ್ಲೇಷಣೆ ಎಂದುಕೊಂಡಿದ್ದಾರೆ. ಅದರಿಂದ ದಕ್ಕುವುದು ತೀರಾ ಕಡಿಮೆ. ಎಂಜಿನ್ ಉತ್ತರಿಸುವ ಪ್ರಶ್ನೆ ಒಂದೇ: ಈ ಸ್ಥಿತಿಯಿಂದ ಮುಂದೆ ಎರಡೂ ಕಡೆಯವರು ತನ್ನಷ್ಟೇ ಚೆನ್ನಾಗಿ ಆಡಿದರೆ ಏನಾದೀತು? ಆಟಗಾರನಿಗೆ ಬೇಕಾದ ಪ್ರಶ್ನೆ ಇನ್ನೊಂದು: ಮಣೆಯ ಮುಂದೆ ಕೂತವನು ಆ ಗಳಿಗೆಯಲ್ಲಿ ಏನನ್ನು ಕಾಣಬಹುದಿತ್ತು, ಯಾಕೆ ಕಾಣಲಿಲ್ಲ? ಮೊದಲನೆಯದರ ಉತ್ತರದಿಂದ ಎರಡನೆಯದರ ಉತ್ತರ ಹೊರಡಬೇಕಾದರೆ ಎಂಜಿನ್ ಜೊತೆ ವಾದಕ್ಕೆ ಕೂರಬೇಕು, ಅದು ಹೇಳಿದ್ದನ್ನು ಮಣೆಯ ಮೇಲೆ ಆಡಿ ನೋಡಬೇಕು.

ಸ್ಥಿತಿಯನ್ನು ಸರಿಯಾಗಿ ಕೊಟ್ಟಿದ್ದೀರಾ?

ಎಂಜಿನ್ ತಪ್ಪು ಹೇಳುತ್ತಿದೆ ಎನಿಸಿದಾಗ ಮೊದಲು ಅನುಮಾನಿಸಬೇಕಾದದ್ದು ನಾವು ಕೊಟ್ಟ ಸ್ಥಿತಿಯನ್ನು. ಕೊಡುವುದಕ್ಕೆ ಎರಡು ದಾರಿಗಳಿವೆ. ಪಿಜಿಎನ್ ಕಡತದಲ್ಲಿ ಮೊದಲ ನಡೆಯಿಂದ ಕೊನೆಯವರೆಗೂ ಇಡೀ ಆಟ ಇರುತ್ತದೆ. ಫೆನ್ ಎಂಬುದು ಒಂದೇ ಸಾಲಿನ ಬರಹ, ಒಂದು ಕ್ಷಣದ ಚಿತ್ರ. ಅದರಲ್ಲಿ ಆರು ಭಾಗಗಳು: ಕಾಯಿಗಳ ಜಾಗ, ಯಾರ ಸರದಿ, ಕ್ಯಾಸ್ಲಿಂಗ್ (ರಾಜ ಮತ್ತು ಆನೆಯನ್ನು ಒಂದೇ ನಡೆಯಲ್ಲಿ ಸರಿಸುವ) ಹಕ್ಕು, ಆಂ ಪಾಸಾಂ ಹೊಡೆತಕ್ಕೆ (ಎರಡು ಮನೆ ಜಿಗಿದ ಪೇದೆಯನ್ನು ಪೇದೆಯಿಂದ ಹೊಡೆಯುವುದಕ್ಕೆ) ತೆರೆದ ಮನೆ, ಕೊನೆಯ ಸಲ ಪೇದೆ ನಡೆದ ಅಥವಾ ಕಾಯಿ ಹೊಡೆದ ಮೇಲೆ ಕಳೆದ ಅರೆನಡೆಗಳ (ಒಂದು ಕಡೆಯವರ ಒಂದು ನಡೆ) ಎಣಿಕೆ, ಕೊನೆಗೆ ನಡೆಯ ಸಂಖ್ಯೆ.

ಎಡವುವುದು ಮೂರನೇ ಭಾಗದಿಂದಾಚೆಗೆ. ಪುಸ್ತಕದ ಚಿತ್ರ ನೋಡಿ ಕಾಯಿಗಳನ್ನು ಜೋಡಿಸುವಾಗ ರಾಜ ಇ1ರಲ್ಲೂ ಆನೆ ಎಚ್1ರಲ್ಲೂ ಕಂಡರೆ ತಂತ್ರಾಂಶ ಕ್ಯಾಸ್ಲಿಂಗ್ ಹಕ್ಕು ಇದೆಯೆಂದೇ ಗುರುತು ಹಾಕಬಹುದು. ನಿಜವಾದ ಆಟದಲ್ಲಿ ಆ ಆನೆ ಒಮ್ಮೆ ಆಚೆ ಹೋಗಿ ಮರಳಿ ಬಂದಿದ್ದರೆ ಎಂಜಿನ್ ಇಲ್ಲದ ನಡೆಯನ್ನು ಶಿಫಾರಸು ಮಾಡುತ್ತದೆ. ಇದಕ್ಕಿಂತ ಕಣ್ಣಿಗೆ ಬೀಳದ ತೊಡಕು ಪುನರಾವರ್ತನೆಯದು. ಫೆನ್‌ಗೆ ನೆನಪಿಲ್ಲ. ಅದೇ ಸ್ಥಿತಿ ಈಗಾಗಲೇ ಎರಡು ಸಲ ಬಂದಿದೆಯೆಂದು ಅದು ಹೇಳಲಾರದು. ಹಾಗಾಗಿ ಮೂರನೇ ಸಲ ಬಂದರೆ ಡ್ರಾ ಆಗುವ ನಡೆಯನ್ನೇ ಎಂಜಿನ್ ಗೆಲುವೆಂದು ತೋರಿಸಬಹುದು. ಇಡೀ ಆಟ ಕೈಯಲ್ಲಿದ್ದರೆ ಪಿಜಿಎನ್ ತೆರೆದು, ಬೇಕಾದ ನಡೆಯವರೆಗೆ ಬಂದು ಎಂಜಿನ್ ಚಾಲೂ ಮಾಡುವುದೇ ಮೇಲು.

ಹಳೆಯ ಆಟಗಳ ದಾಖಲೆಯನ್ನೂ ಕಣ್ಣುಮುಚ್ಚಿ ನಂಬಬಾರದು. ಎರಡು ಕುದುರೆಗಳು ಒಂದೇ ಮನೆಗೆ ಹೋಗಬಹುದಾಗಿದ್ದಾಗ ಯಾವುದು ಹೋಯಿತೆಂಬುದು ತಪ್ಪಾಗಿ ದಾಖಲಾದರೆ, ಮುಂದಿನ ಹತ್ತು ನಡೆ ನಿಯಮಕ್ಕೆ ಒಪ್ಪುವಂತೆ ಸಾಗಿಯೂ ಅರ್ಥವಿಲ್ಲದಂತೆ ಕಾಣುತ್ತವೆ. ಹೆಸರಾಂತ ಆಟಗಾರ ರಾಣಿಯನ್ನು ಬಿಟ್ಟುಕೊಟ್ಟ, ಅಷ್ಟೇ ಹೆಸರಾಂತ ಎದುರಾಳಿ ಮೂರು ನಡೆಯಾದರೂ ಅದನ್ನು ಹೊಡೆಯಲಿಲ್ಲ ಎಂದು ಎಂಜಿನ್ ಅಂಕಿಗಳ ಗ್ರಾಫ್ ತೋರಿಸಿದರೆ, ಇನ್ನೊಂದು ಮೂಲ ತೆಗೆದು ಹೋಲಿಸಿ. ಈಚಿನ ಆಟಗಳಲ್ಲಿ ಬೇರೆ ರೀತಿಯ ಕಸ ಸೇರುತ್ತದೆ. ಎಲೆಕ್ಟ್ರಾನಿಕ್ ಮಣೆಗಳ ಮೇಲೆ ಫಲಿತಾಂಶ ಸೂಚಿಸಲು ಆಟ ಮುಗಿದಾಗ ರಾಜರನ್ನು ನಡುಮನೆಗಳಿಗೆ ಎತ್ತಿಡುತ್ತಾರೆ; ಅದೂ ಕೆಲವೊಮ್ಮೆ ನಡೆಯೆಂದೇ ದಾಖಲಾಗಿ, ಕೊನೆಯ ನಡೆಯಲ್ಲಿ ಭಯಂಕರ ಪ್ರಮಾದ ನಡೆದಂತೆ ಕಾಣಿಸುತ್ತದೆ.

ಯಂತ್ರವನ್ನು ಸಿದ್ಧಪಡಿಸುವುದು

ಸ್ಟಾಕ್‌ಫಿಶ್ ಉಚಿತ, ಅದರ ಮೂಲಸಂಕೇತ ಎಲ್ಲರಿಗೂ ತೆರೆದಿದೆ, ಬಲದಲ್ಲಿ ಅದು ಎಲ್ಲ ಮನುಷ್ಯರಿಗಿಂತ ಮೇಲೆ. ಅದಕ್ಕೆ ತನ್ನದೇ ಮಣೆಯಿಲ್ಲ. ಅರೇನಾ, ಸ್ಕಿಡ್, ಆಂ ಕ್ರೊಸಾಂ, ಚೆಸ್‌ಬೇಸ್‌ನಂಥ ಯಾವುದಾದರೊಂದು ತಂತ್ರಾಂಶದೊಳಗೆ ಕೂರಿಸಬೇಕು. ಎಂಜಿನ್‌ಗೂ ಇಂಥ ತಂತ್ರಾಂಶಕ್ಕೂ ನಡುವಿನ ಮಾತುಕತೆ ಯುಸಿಐ ಎಂಬ ಒಪ್ಪಂದದ ಭಾಷೆಯಲ್ಲಿ ನಡೆಯುತ್ತದೆ. ಡೌನ್‌ಲೋಡ್ ಪುಟದಲ್ಲಿ ಒಂದೇ ಆವೃತ್ತಿಯ ಹಲವು ಕಡತಗಳಿರುತ್ತವೆ, ಒಂದೊಂದೂ ಒಂದೊಂದು ಬಗೆಯ ಪ್ರೊಸೆಸರ್‌ಗೆ. ಹಳೆಯ ಪ್ರೊಸೆಸರ್‌ಗೆ ಎವಿಎಕ್ಸ್2 ಕಡತ ಹಾಕಿದರೆ ಎಂಜಿನ್ ತೆರೆಯುತ್ತಿದ್ದಂತೆಯೇ ಸಾಯುತ್ತದೆ, ಕಾರಣವನ್ನೂ ಹೇಳುವುದಿಲ್ಲ. ಹಾಗಾದರೆ ಒಂದು ಮೆಟ್ಟಿಲು ಹಳೆಯ ಕಡತವನ್ನು ಹಾಕಿ ನೋಡಿ.

ಬದಲಿಸಬೇಕಾದ ಆಯ್ಕೆಗಳು ನಾಲ್ಕೇ. ಥ್ರೆಡ್ಸ್: ಎಂಜಿನ್ ಏಕಕಾಲಕ್ಕೆ ಎಷ್ಟು ಎಳೆಗಳಲ್ಲಿ ಹುಡುಕಬೇಕೆಂಬುದು. ಪ್ರೊಸೆಸರ್‌ನಲ್ಲಿರುವ ಕೋರ್‌ಗಳಿಗಿಂತ ಒಂದು ಕಡಿಮೆ ಇಟ್ಟರೆ ಕಂಪ್ಯೂಟರ್ ಉಸಿರಾಡುತ್ತದೆ. ಹ್ಯಾಶ್: ನೋಡಿದ ಸ್ಥಿತಿಗಳನ್ನು ಎಂಜಿನ್ ನೆನಪಿಟ್ಟುಕೊಳ್ಳುವ ಜಾಗ. ತಂತ್ರಾಂಶದಲ್ಲಿ ಮೊದಲೇ ಇರುವ 16 ಎಂಬಿ ದೀರ್ಘ ವಿಶ್ಲೇಷಣೆಗೆ ಏನೇನೂ ಸಾಲದು. 8 ಜಿಬಿ ರಾಮ್ ಇದ್ದರೆ 2 ಜಿಬಿ, 16 ಇದ್ದರೆ 4 ಜಿಬಿ ಕೊಡಬಹುದು. ಇರುವುದನ್ನೆಲ್ಲ ಕೊಟ್ಟರೆ ಕಂಪ್ಯೂಟರ್ ಡಿಸ್ಕನ್ನು ರಾಮ್‌ನಂತೆ ಬಳಸತೊಡಗಿ ವೇಗ ಪಾತಾಳಕ್ಕಿಳಿಯುತ್ತದೆ. ಮಲ್ಟಿಪಿವಿ: ಎಷ್ಟು ನಡೆಗಳನ್ನು ಸಾಲಾಗಿ ತೋರಿಸಬೇಕೆಂಬುದು. ಕೊನೆಯದು ಎಂಡ್‌ಗೇಮ್ ಕೋಷ್ಟಕಗಳಿರುವ ಕಡತಕೋಶದ ವಿಳಾಸ.

ಈ ಕೋಷ್ಟಕಗಳ ಬಗ್ಗೆ ಎರಡು ಮಾತು. ರೊನಾಲ್ಡ್ ಡಿ ಮಾನ್ ರೂಪಿಸಿದ ಸಿಜಿಜಿ ಕೋಷ್ಟಕಗಳಲ್ಲಿ ಮಣೆಯ ಮೇಲೆ ರಾಜರೂ ಸೇರಿ 7 ಕಾಯಿ ಉಳಿದ ಸ್ಥಿತಿಗಳವರೆಗೂ ಅಂತಿಮ ಉತ್ತರವಿದೆ. 5 ಕಾಯಿಗಳವರೆಗಿನವು ಸುಮಾರು 1 ಜಿಬಿ, 6ರವರೆಗೆ ಸುಮಾರು 150 ಜಿಬಿ. 7 ಕಾಯಿಗಳದು ಸುಮಾರು 17 ಟಿಬಿ, ಹಾಗಾಗಿ ಅದನ್ನು ಜಾಲದಲ್ಲೇ ಕೇಳುವುದು ವಾಸಿ. ಕೋಷ್ಟಕದ ಮಾತು ಅಂದಾಜಲ್ಲ, ತೀರ್ಪು. ಆದರೆ ಕ್ಯಾಸ್ಲಿಂಗ್ ಹಕ್ಕು ಉಳಿದ ಸ್ಥಿತಿಗಳು ಅದರಲ್ಲಿಲ್ಲ. ಅಲ್ಲದೆ ಗೆಲುವಿನ ದಾರಿಯಲ್ಲಿ ಅದು ತೋರಿಸುವ ನಡೆ ಮನುಷ್ಯನಿಗೆ ವಿಚಿತ್ರವಾಗಿರಬಹುದು, ಏಕೆಂದರೆ ಅದು ಲೆಕ್ಕ ಹಾಕುವುದು ಮೇಟ್‌ವರೆಗಿನ ದೂರವನ್ನಲ್ಲ, ಪೇದೆ ನಡೆಯದೆ, ಕಾಯಿ ಹೊಡೆಯದೆ ಸಾಗಿದರೆ ಡ್ರಾಗೆ ದಾರಿಯಾಗುವ 50 ನಡೆಗಳ ಎಣಿಕೆ ಸೊನ್ನೆಗೆ ಮರಳುವವರೆಗಿನ ದೂರವನ್ನು.

ಅಂಕಿಯ ಒಳಗೇನಿದೆ

+1.00 ಎಂದರೆ ಬಿಳಿ ಒಂದು ಪೇದೆಯಷ್ಟು ಮುಂದಿದೆ ಎಂಬುದು ಹಳೆಯ ವಿವರಣೆ. ಸೆಂಟಿಪಾನ್ ಎಂಬ ಅಳತೆ ಹುಟ್ಟಿದ್ದೂ ಅಲ್ಲಿಂದಲೇ: ಪೇದೆಯ ನೂರರಲ್ಲೊಂದು ಪಾಲು. ಇಂದಿನ ಸ್ಟಾಕ್‌ಫಿಶ್‌ನಲ್ಲಿ ಅರ್ಥ ಬದಲಾಗಿದೆ. 2020ರ ಸೆಪ್ಟೆಂಬರ್‌ನಲ್ಲಿ ಬಂದ 12ನೇ ಆವೃತ್ತಿಯಿಂದ ಸ್ಥಿತಿಯನ್ನು ತೂಗುವ ಕೆಲಸ ಎನ್‌ಎನ್‌ಯುಇ ಎಂಬ ಪುಟ್ಟ ನರಜಾಲದ ಕೈಗೆ ಹೋಯಿತು. 2022ರ ಡಿಸೆಂಬರ್‌ನ 15.1ರಲ್ಲಿ ಅಂಕಿಯನ್ನೇ ಹೊಸದಾಗಿ ಹೊಂದಿಸಿದರು: +1.00 ಎಂದರೆ ತನ್ನಷ್ಟೇ ಬಲದ ಎದುರಾಳಿಯ ಮೇಲೆ ಗೆಲ್ಲುವ ಸಂಭವ 50%. ಉಳಿದದ್ದು ಹೆಚ್ಚುಕಡಿಮೆ ಎಲ್ಲ ಡ್ರಾ. ಆದ್ದರಿಂದ ಹತ್ತು ವರ್ಷದ ಹಿಂದಿನ ಟಿಪ್ಪಣಿಯ +0.80ಯನ್ನು ಇಂದಿನ +0.80ಯ ಪಕ್ಕದಲ್ಲಿಟ್ಟು ತೂಗಬಾರದು.

ಮನುಷ್ಯರ ಆಟಕ್ಕೆ ಬೇರೆ ತಕ್ಕಡಿ ಬೇಕು. ಮನುಷ್ಯರ ಆಟಗಳ ಫಲಿತಾಂಶಕ್ಕೆ ಹೊಂದಿಸಿದ ಸೂತ್ರವೊಂದನ್ನು ಲೀಚೆಸ್ ಎಂಬ ಚೆಸ್ ಜಾಲತಾಣ ಬಳಸುತ್ತದೆ. ಅದರ ಪ್ರಕಾರ +1 ಎಂದರೆ ಗೆಲುವಿನ ಪ್ರಮಾಣ ಸುಮಾರು 59%, +3 ಎಂದರೆ ಸುಮಾರು 75%. ಇದೇ ಸೂತ್ರದಲ್ಲಿ ಒಂದು ಲೆಕ್ಕ ಹಾಕಿ ನೋಡಿ. +6ರಿಂದ +4ಕ್ಕೆ ಇಳಿದರೆ ಕಳೆದದ್ದು 200 ಸೆಂಟಿಪಾನ್, ಗೆಲುವಿನ ಪ್ರಮಾಣದಲ್ಲಿ ಸುಮಾರು 9 ಅಂಶ. +0.3ರಿಂದ -0.7ಕ್ಕೆ ಬಿದ್ದರೆ ಕಳೆದದ್ದು 100 ಸೆಂಟಿಪಾನ್, ಅದೂ ಸುಮಾರು 9 ಅಂಶವೇ. +10ರಿಂದ +8ಕ್ಕೆ ಇಳಿದರೆ 3 ಅಂಶವೂ ಇಲ್ಲ. ಗೆದ್ದ ಆಟವನ್ನು ಸರಳ ದಾರಿಯಲ್ಲಿ ಮುಗಿಸಿದವನಿಗೆ ಸೆಂಟಿಪಾನ್ ಪಟ್ಟಿ ಕಪ್ಪುಚುಕ್ಕೆ ಇಡುತ್ತದೆ, ಅದಕ್ಕೆ ಬೆಲೆ ಕೊಡಬೇಕಿಲ್ಲ.

ಹುಡುಕಾಟದ ಆಳ ಹೇಳುವ ಡೆಪ್ತ್ ಎಂಬ ಅಂಕಿಯೂ ದಾರಿ ತಪ್ಪಿಸುತ್ತದೆ. ಡೆಪ್ತ್ 30 ಎಂದರೆ 30 ಅರೆನಡೆಗಳವರೆಗೆ ಎಲ್ಲವನ್ನೂ ನೋಡಿತು ಎಂದಲ್ಲ. ಹುರುಳಿಲ್ಲವೆಂದು ಕಂಡ ನಡೆಗಳನ್ನು ಎಂಜಿನ್ ಅರ್ಧದಲ್ಲೇ ಕತ್ತರಿಸುತ್ತದೆ, ಭರವಸೆಯ ನಡೆಗಳನ್ನು 30ಕ್ಕೂ ಆಚೆ ಹಿಂಬಾಲಿಸುತ್ತದೆ. ಲೀಲಾ ಚೆಸ್ ಝೀರೋದಂಥ ಎಂಜಿನ್‌ನಲ್ಲಿ ಹುಡುಕುವ ವಿಧಾನವೇ ಬೇರೆ. ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇದ್ದರೂ ಅದು ಸ್ಟಾಕ್‌ಫಿಶ್ ನೋಡುವುದರ ಸಣ್ಣ ಪಾಲು ಸ್ಥಿತಿಗಳನ್ನಷ್ಟೇ ನೋಡುತ್ತದೆ, ಆದರೆ ಪ್ರತಿಯೊಂದನ್ನೂ ದೊಡ್ಡ ನರಜಾಲದಿಂದ ತೂಗುತ್ತದೆ. ಇವೆರಡರ ಡೆಪ್ತ್ ಅಥವಾ ನೋಡ್ (ನೋಡಿದ ಸ್ಥಿತಿಗಳ) ಸಂಖ್ಯೆಯನ್ನು ಹೋಲಿಸಿ ಯಾವ ತೀರ್ಮಾನಕ್ಕೂ ಬರಲಾಗದು. ಇವೆರಡೂ ಬೇರೆ ಬೇರೆ ನಡೆ ಹೇಳುವ ಕಡೆ ನಿಂತು ನೋಡಿ, ಅಲ್ಲಿ ಸಾಮಾನ್ಯವಾಗಿ ಕಲಿಯಲು ಏನೋ ಇರುತ್ತದೆ.

ಕೊನೆಯಿಂದ ಮೊದಲಿಗೆ

ಎಂಜಿನ್ ಹಚ್ಚುವ ಮುನ್ನ ಆಟವನ್ನು ಒಮ್ಮೆ ಬರಿಗಣ್ಣಲ್ಲಿ ಆಡಿ, ಎಲ್ಲಿ ಯಾವ ನಡೆಗಳನ್ನು ಯೋಚಿಸಿದಿರಿ, ಎಲ್ಲಿ ಹೆದರಿದಿರಿ ಎಂದು ಬರೆದಿಡಿ. ಉತ್ತರ ಕಂಡ ಮೇಲೆ ಬರೆದ ಟಿಪ್ಪಣಿಗೆ ಉತ್ತರದ ಬಣ್ಣ ಹತ್ತಿಬಿಡುತ್ತದೆ.

ಆಮೇಲೆ ವೇಗದ ಒಂದು ಸುತ್ತು. 40 ನಡೆಗಳ ಆಟದಲ್ಲಿ 80 ಸ್ಥಿತಿಗಳು. ಒಂದಕ್ಕೆ 2 ಸೆಕೆಂಡ್ ಎಂದರೂ ಮೂರು ನಿಮಿಷದೊಳಗೆ ಮುಗಿಯುತ್ತದೆ. ಕೊನೆಯ ನಡೆಯಿಂದ ಹಿಂದಕ್ಕೆ ಬರುವುದು ಒಳ್ಳೆಯದು: ಮುಂದೆ ಕಂಡದ್ದು ಹ್ಯಾಶ್‌ನಲ್ಲಿ ಉಳಿದಿರುವುದರಿಂದ, 30ನೇ ನಡೆಯನ್ನು ನೋಡುವಾಗ 34ರಲ್ಲಿ ಏನಾಯಿತೆಂಬುದು ಎಂಜಿನ್‌ಗೆ ಗೊತ್ತಿರುತ್ತದೆ. ಈ ಸುತ್ತಿನ ಗ್ರಾಫ್‌ನಿಂದ ನಾಲ್ಕರಿಂದ ಆರು ಸ್ಥಿತಿಗಳನ್ನಷ್ಟೇ ಆರಿಸಿ. ಅಂಕಿ ಧಡಕ್ಕನೆ ಬದಲಾದ ಜಾಗಗಳ ಜೊತೆಗೆ, ನೀವು ಬರೆದಿಟ್ಟ ಅಭಿಪ್ರಾಯಕ್ಕೂ ಎಂಜಿನ್ ಅಂಕಿಗೂ ತಾಳೆಯಾಗದ ಜಾಗಗಳೂ ಅದರಲ್ಲಿ ಇರಲಿ. ನನ್ನ ಮಟ್ಟಿಗೆ ಎರಡನೆಯವೇ ಹೆಚ್ಚು ಬೆಲೆಬಾಳುವವು.

ಆರಿಸಿದ ಪ್ರತಿ ಸ್ಥಿತಿಗೂ ಮಲ್ಟಿಪಿವಿ 3 ಇಟ್ಟು ಐದರಿಂದ ಹತ್ತು ನಿಮಿಷ ಬಿಡಿ. ಸಾಲು ಹೆಚ್ಚಿದಷ್ಟೂ ಹುಡುಕಾಟ ನಿಧಾನ. 3ಕ್ಕೆ ಬದಲು 8 ಇಟ್ಟರೆ ಅದೇ ಹೊತ್ತಿನಲ್ಲಿ ತಲುಪುವ ಆಳ ಕಡಿಮೆಯಾಗುತ್ತದೆ. ಅಂಕಿ ನೆಲೆನಿಂತ ಮೇಲೆ ನಿಜವಾದ ಕೆಲಸ ಶುರು. ಎಂಜಿನ್ ಹೇಳಿದ ನಡೆಯನ್ನು ಮಣೆಯ ಮೇಲೆ ಆಡಿ, ಎದುರಾಳಿಯ ಪರವಾಗಿ ನಿಮಗೆ ತೋಚುವ ಉತ್ತರವನ್ನು ನೀವೇ ಆಡಿ. "ಇದನ್ನು ಹೀಗೆ ಹೊಡೆದರೆ?" ಎಂಬ ಪ್ರಶ್ನೆಗೆ ಎಂಜಿನ್ ಅದನ್ನು ಹೇಗೆ ಮುರಿಯುತ್ತದೆ ಎಂಬುದೇ ಉತ್ತರ. ನಾಲ್ಕೈದು ನಡೆ ಮುಂದೆ ಹೋಗಿ, ಅಲ್ಲಿ ಒಂದು ನಿಮಿಷ ನಿಲ್ಲಿಸಿ, ಮತ್ತೆ ಹಿಂದಕ್ಕೆ ಬನ್ನಿ. ಮರಳಿ ಬಂದಾಗ ಮೊದಲಿನ ಅಂಕಿ ಬದಲಾಗಿದ್ದರೆ ಆಶ್ಚರ್ಯ ಬೇಡ. ಎಂಜಿನ್ ನಿಮ್ಮ ಜೊತೆ ನಡೆದು ಕಂಡದ್ದನ್ನು ನೆನಪಿಟ್ಟುಕೊಂಡಿದೆ.

ಎದುರಾಳಿಯ ಬೆದರಿಕೆ ಏನೆಂದು ತಿಳಿಯದಿದ್ದರೆ ಸರದಿಯನ್ನು ಅದಲುಬದಲು ಮಾಡಿ. ನಿಮ್ಮ ನಡೆಯಿರುವ ಸ್ಥಿತಿಯಲ್ಲೇ ಎದುರಾಳಿಗೆ ನಡೆಯಲು ಬಿಟ್ಟರೆ ಅವನು ಏನು ಆಡುತ್ತಾನೋ ಅದೇ ಬೆದರಿಕೆ. ಲೀಚೆಸ್‌ನ ವಿಶ್ಲೇಷಣೆ ಮಣೆಯಲ್ಲಿ ಎಕ್ಸ್ ಕೀಲಿ ಒತ್ತಿದರೆ ಇದು ಕಾಣುತ್ತದೆ. ನಿಮ್ಮ ರಾಜನಿಗೆ ಚೆಕ್ ಇರುವಾಗ ಮಾತ್ರ ಈ ಉಪಾಯ ನಡೆಯದು. ಆಡಿದ ನಡೆಯನ್ನೂ ಎಂಜಿನ್ ಮೆಚ್ಚಿದ ನಡೆಯನ್ನೂ ನ್ಯಾಯವಾಗಿ ಹೋಲಿಸಬೇಕಾದರೆ ಯುಸಿಐನ ಸರ್ಚ್‌ಮೂವ್ಸ್ ಆದೇಶದಿಂದ ಆ ಎರಡೇ ನಡೆಗಳನ್ನು ಹುಡುಕಲು ಹೇಳಬಹುದು. ಅದಿಲ್ಲದೆ ಒಂದನ್ನು ಡೆಪ್ತ್ 35ರಲ್ಲೂ ಇನ್ನೊಂದನ್ನು 24ರಲ್ಲೂ ನೋಡಿ 0.2 ವ್ಯತ್ಯಾಸಕ್ಕೆ ಅರ್ಥ ಹುಡುಕುವವರಿದ್ದಾರೆ. ಹಲವು ಥ್ರೆಡ್‌ಗಳಲ್ಲಿ ಓಡುವ ಎಂಜಿನ್ ಅದೇ ಸ್ಥಿತಿಗೆ ಎರಡು ಸಲ ಎರಡು ಅಂಕಿ ಕೊಡುವುದು ಸಹಜ, ಆದ್ದರಿಂದ ಅಷ್ಟು ಸಣ್ಣ ವ್ಯತ್ಯಾಸ ಗದ್ದಲವಷ್ಟೇ.

2014ರ ಸೋಚಿಯ ವಿಶ್ವ ಚಾಂಪಿಯನ್‌ಷಿಪ್‌ನ ಆರನೇ ಆಟ ಇದಕ್ಕೆ ಒಳ್ಳೆಯ ಅಭ್ಯಾಸ. 26ನೇ ನಡೆಯಲ್ಲಿ ಮ್ಯಾಗ್ನಸ್ ಕಾರ್ಲ್‌ಸನ್ ರಾಜನನ್ನು ಡಿ2ಗೆ ಇಟ್ಟರು. ವಿಶ್ವನಾಥನ್ ಆನಂದ್ ಎ ಪೇದೆಯನ್ನು ಎ4ಕ್ಕೆ ತಳ್ಳಿದರು. ಗ್ರಾಫ್‌ನಲ್ಲಿ ಒಂದು ಚೂಪಾದ ಕಂದಕ, ಮರುಕ್ಷಣವೇ ಮೊದಲಿನ ಎತ್ತರ. ಎರಡು ಕೆಂಪು ಗುರುತು ನೋಡಿ ಮುಂದೆ ಹೋದರೆ ಏನೂ ತಿಳಿಯದು. ಕುದುರೆಯಿಂದ ಇ5 ಪೇದೆ ಹೊಡೆಯುವ ನಡೆಯನ್ನು ಆಡಿ ನೋಡಿ. ಬಿಳಿ ಜಿ8ರ ಆನೆಯನ್ನು ಹೊಡೆಯುತ್ತದೆ, ಮೇಲ್ನೋಟಕ್ಕೆ ಕಪ್ಪಿಗೆ ಪೂರ್ತಿ ಆನೆಯ ನಷ್ಟ. ಆದರೆ ಕುದುರೆ ಸಿ4 ಪೇದೆಯನ್ನು ಹೊಡೆಯುವಾಗ ಡಿ2ರ ರಾಜನಿಗೆ ಚೆಕ್ ಬೀಳುತ್ತದೆ, ಬಿ2ಗೆ ಹಾರಿ ಇನ್ನೊಂದು ಚೆಕ್, ಆಮೇಲೆ ನಿಧಾನವಾಗಿ ಜಿ8ರಲ್ಲಿ ಆನೆ ವಾಪಸ್. ಈಗ ರಾಜನನ್ನು ಡಿ2 ಬಿಟ್ಟು ಬೇರೆ ಮನೆಯಲ್ಲಿಟ್ಟು ಅದೇ ಸರಣಿ ಆಡಿ: ಸಿ4ರಲ್ಲಿ ಚೆಕ್ ಇಲ್ಲದಿದ್ದರೆ ಉಪಾಯವೇ ಇಲ್ಲ. ಹೀಗೆ ಒಂದು ಕಾಯಿ ಸರಿಸಿ ಮತ್ತೆ ಕೇಳಿದಾಗಲೇ ತಪ್ಪಿನ ಬೇರು ಕೈಗೆ ಸಿಗುವುದು.

ಎಂಜಿನ್ ತಡವಾಗಿ ಕಾಣುವ ನಡೆ

1998ರ ಲಿನಾರೆಸ್ ಟೂರ್ನಿಯಲ್ಲಿ ಟೊಪಾಲೊವ್ ವಿರುದ್ಧ ಅಲೆಕ್ಸೈ ಶಿರೋವ್ ಆಡಿದ 47ನೇ ನಡೆಯನ್ನು ಪ್ರತಿಯೊಬ್ಬರೂ ತಮ್ಮ ಎಂಜಿನ್‌ಗೆ ಒಮ್ಮೆ ಕೊಡಬೇಕು. ಬಿಳಿ: ರಾಜ ಜಿ1, ಒಂಟೆ ಸಿ3, ಪೇದೆಗಳು ಜಿ2, ಎಚ್4. ಕಪ್ಪು: ರಾಜ ಇ6, ಒಂಟೆ ಎಫ್5, ಪೇದೆಗಳು ಎ4, ಡಿ5, ಎಫ್6, ಜಿ6. ಕಪ್ಪಿನ ಸರದಿ. ಎರಡು ಪೇದೆ ಹೆಚ್ಚಿದ್ದರೂ ಒಂಟೆಗಳು ಬೇರೆ ಬೇರೆ ಬಣ್ಣದ ಮನೆಗಳಲ್ಲಿವೆ, ಇಂಥ ಆಟಗಳು ಡ್ರಾ ಕಡೆಗೇ ವಾಲುವಂಥವು.

ಕಪ್ಪು ರಾಜ ಎಫ್5 ಮೂಲಕ ಇ4ಕ್ಕೆ ಹೋಗಬೇಕು. ಬಿಳಿ ರಾಜ ಎಫ್2 ಮೂಲಕ ಇ3ಕ್ಕೆ ಬಂದು ತಡೆಯಬೇಕು. ಇಬ್ಬರಿಗೂ ಎರಡೆರಡು ನಡೆ. ಆದರೆ ಎಫ್5ರಲ್ಲಿ ಕಪ್ಪಿನ ಒಂಟೆಯೇ ಅಡ್ಡ ನಿಂತಿದೆ. ಅದನ್ನು ಸರಿಸುವುದಕ್ಕೆ ಒಂದು ನಡೆ ಖರ್ಚಾದರೆ ಓಟದಲ್ಲಿ ಸೋಲು, ಇ4ಕ್ಕೆ ಸರಿಸಿದರೆ ರಾಜನಿಗೆ ಬೇಕಾದ ಮನೆಯೇ ಮುಚ್ಚಿಹೋಗುತ್ತದೆ. ಶಿರೋವ್ ಒಂಟೆಯನ್ನು ಎಚ್3ಕ್ಕೆ, ನೇರವಾಗಿ ಜಿ2 ಪೇದೆಯ ಬಾಯಿಗೆ ಇಟ್ಟರು. ಹೊಡೆದರೆ ಬಿಳಿಗೂ ಒಂದು ನಡೆ ಖರ್ಚು. ಹೊಡೆಯದಿದ್ದರೆ ಜಿ2 ಪೇದೆ ಹೋಗುತ್ತದೆ. ಟೊಪಾಲೊವ್ ಹೊಡೆದರು. ಕಪ್ಪು ರಾಜ ಇ4 ತಲುಪಿದ, ಎ ಮತ್ತು ಡಿ ಪೇದೆಗಳನ್ನು ಒಂದು ಒಂಟೆ ತಡೆಯಲಾಗಲಿಲ್ಲ.

ಆ ಕಾಲದ ಎಂಜಿನ್‌ಗಳಿಗೆ ಇದು ಕಾಣಲಿಲ್ಲ, ಕಾರಣವೂ ಸ್ಪಷ್ಟ. ಇಡೀ ಒಂಟೆ ಹೋಗುತ್ತದೆ, ಪ್ರತಿಫಲ ಬರುವುದು ಸದ್ದಿಲ್ಲದ ರಾಜನಡೆಗಳ ನಂತರ. ಕಾಯಿ ಕಳೆದುಕೊಳ್ಳುವ ಸರಣಿಗೆ ಹುಡುಕಾಟದಲ್ಲಿ ಕಡಿಮೆ ಆಳ ಸಿಗುತ್ತದೆ, ಗೆಲುವು ಆ ಆಳದ ಆಚೆ ಅಡಗಿರುತ್ತದೆ. ಇದೇ ದಿಗಂತದ ಸಮಸ್ಯೆ. ಇಂದಿನ ಎಂಜಿನ್‌ಗಳು ಬಹಳ ಮುಂದೆ ಬಂದಿವೆ. ಆದರೂ ಮಲ್ಟಿಪಿವಿ 3 ಇಟ್ಟು ಈ ನಡೆ ಯಾವ ಡೆಪ್ತ್‌ನಲ್ಲಿ ಪಟ್ಟಿಯ ಮೇಲಕ್ಕೆ ಏರುತ್ತದೆಂದು ಗಮನಿಸಿ. ಏರದಿದ್ದರೆ ಮೂರು ನಡೆ ಮುಂದೆ ಆಡಿ ವಾಪಸ್ ಬನ್ನಿ. 2 ಸೆಕೆಂಡಿನ ಸುತ್ತಿನಲ್ಲಿ ಬಿದ್ದ ಪ್ರಶ್ನಾರ್ಥಕ ಚಿಹ್ನೆಯನ್ನು ಎಷ್ಟು ನಂಬಬೇಕೆಂಬುದು ಆಗ ತಿಳಿಯುತ್ತದೆ. ಮುಖ್ಯವಾಗಿ, ಹಳೆಯ ಗುರುಗಳ ತ್ಯಾಗಗಳನ್ನು ಅಲ್ಪ ಸಮಯದ ಅಂಕಿಯಿಂದ ತಳ್ಳಿಹಾಕಬೇಡಿ.

ಎಲ್ಲ ಸೊನ್ನೆಗಳೂ ಒಂದೇ ಅಲ್ಲ

0.00 ಕಂಡೊಡನೆ "ಸಮ" ಎಂದು ಬರೆಯುವುದು ಅಭ್ಯಾಸವಾಗಿಬಿಟ್ಟಿದೆ. ಆ ಸೊನ್ನೆ ನಿರಂತರ ಚೆಕ್‌ನಿಂದ ಬಂದಿರಬಹುದು, ಏನು ಆಡಿದರೂ ಡ್ರಾ ಆಗುವ ಸಪ್ಪೆ ಸ್ಥಿತಿಯಿಂದ ಬಂದಿರಬಹುದು. ಒಂದೇ ಒಂದು ನಡೆ ಉಳಿಸುವ, ಉಳಿದೆಲ್ಲ ನಡೆ ಮುಳುಗಿಸುವ ಸ್ಥಿತಿಗೂ ಅದೇ ಸೊನ್ನೆ. ಬೇರ್ಪಡಿಸುವ ಉಪಾಯ ಎರಡನೇ ಸಾಲನ್ನು ಓದುವುದು. ಮೊದಲ ಸಾಲು 0.00, ಎರಡನೆಯದು -0.10 ಇದ್ದರೆ ಆಟಗಾರ ನಿಶ್ಚಿಂತ. ಎರಡನೆಯದು -5 ಇದ್ದರೆ ಅವನು ಹಗ್ಗದ ಮೇಲಿದ್ದಾನೆ. ಅಂಥ ಸ್ಥಿತಿ ಸತತ ಐದು ನಡೆ ಬಂದರೆ, ಅಂಕಿ ಸೊನ್ನೆಯೇ ಇದ್ದರೂ ಎದುರಾಳಿ ಚೆನ್ನಾಗಿ ಆಡಿದ್ದಾನೆ ಎಂದೇ ಟಿಪ್ಪಣಿ ಬರೆಯಬೇಕು.

1972ರ ರೇಕ್ಯಾವಿಕ್‌ನ ವಿಶ್ವ ಚಾಂಪಿಯನ್‌ಷಿಪ್‌ನ ಮೊದಲ ಆಟದ 29ನೇ ನಡೆ ಇದಕ್ಕೆ ಸಾಕ್ಷಿ. ಬಾಬಿ ಫಿಶರ್ ಒಂಟೆಯಿಂದ ಎಚ್2 ಪೇದೆಯನ್ನು ಹೊಡೆದರು. ಸ್ಪಾಸ್ಕಿ ಜಿ3 ಆಡಿ ಒಂಟೆಯ ದಾರಿ ಮುಚ್ಚಿ, ಕೊನೆಗೆ ಆಟ ಗೆದ್ದರು. ಆ ನಡೆ ಪ್ರಮಾದವೆಂದೇ ಪ್ರಸಿದ್ಧ. ಸರಿಯಾಗಿ ಆಡಿದ್ದರೆ ಅದಾದ ಮೇಲೂ ಡ್ರಾ ಉಳಿದಿತ್ತು ಎಂದು ನಂತರದ ವಿಶ್ಲೇಷಣೆ ತೋರಿಸಿತು. ಹಾಗೆಂದು ನಡೆ ಒಳ್ಳೆಯದಾಗಲಿಲ್ಲ: ಬೆವರಿಲ್ಲದೆ ಸಿಗುತ್ತಿದ್ದ ಡ್ರಾವನ್ನು ಅದು ಕಷ್ಟದ ಡ್ರಾ ಮಾಡಿತು. ಎಂಜಿನ್ ಮೊದಲ ಭಾಗವನ್ನಷ್ಟೇ ಹೇಳುತ್ತದೆ.

ವಿರುದ್ಧ ದಿಕ್ಕಿನ ಮೋಸವೂ ಉಂಟು: ಕೋಟೆ. ಅಂಕಿ +2 ತೋರಿಸುತ್ತದೆ, ಒಳನುಗ್ಗಲು ದಾರಿಯೇ ಇರುವುದಿಲ್ಲ. ಪರೀಕ್ಷೆ ಸುಲಭ. ಎಂಜಿನ್ ಸರಣಿಯನ್ನೇ ಎರಡೂ ಕಡೆಯಿಂದ 15 ನಡೆ ಆಡಿಸಿ. ನಿಜವಾದ ಮೇಲುಗೈ ಇದ್ದರೆ ಅಂಕಿ ಏರುತ್ತಾ ಹೋಗುತ್ತದೆ. +2.1, +2.1, +2.0 ಎಂದು ನಿಂತಲ್ಲೇ ನಿಂತು, ಕಾಯಿಗಳು ಹಿಂದೆ ಮುಂದೆ ಓಡಾಡುತ್ತಿದ್ದರೆ ಕೋಟೆಯನ್ನು ಸಂಶಯಿಸಿ. ಪೇದೆಗಳು ಪರಸ್ಪರ ಬೀಗ ಹಾಕಿದಂತೆ ನಿಂತ ಸ್ಥಿತಿಗಳಲ್ಲಿ ಇದು ಹೆಚ್ಚು.

ಹಳೆಯ ಚಾಂಪಿಯನ್ನರನ್ನು ಅಳೆಯುವಾಗ

2006ರಲ್ಲಿ ಮಾತೆಯ್ ಗುಯಿಡ್ ಮತ್ತು ಇವಾನ್ ಬ್ರಾಟ್ಕೊ ವಿಶ್ವ ಚಾಂಪಿಯನ್ನರ ಪಂದ್ಯಗಳನ್ನು ಕ್ರಾಫ್ಟಿ ಎಂಬ ಎಂಜಿನ್‌ನಿಂದ 12 ಅರೆನಡೆಗಳ ಆಳದಲ್ಲಿ ಅಳೆದರು. ಸರಾಸರಿ ತಪ್ಪು ಅತಿ ಕಡಿಮೆ ಕಂಡದ್ದು ಕಾಪಾಬ್ಲಾಂಕಾ ಆಟಗಳಲ್ಲಿ. ಅಳೆಯುವ ಕೋಲು ಅಳೆಯಲ್ಪಟ್ಟವರಿಗಿಂತ ಗಟ್ಟಿಯೇ ಎಂಬ ಆಕ್ಷೇಪ ಆಗಲೇ ಎದ್ದಿತು. ಆ ಅಧ್ಯಯನದ ಒಳ್ಳೆಯ ಅಂಶವೆಂದರೆ ಸ್ಥಿತಿಗಳ ಜಟಿಲತೆಯನ್ನೂ ಅದು ಅಳೆಯಲು ಹೊರಟದ್ದು. ಕಾಪಾಬ್ಲಾಂಕಾ ಎದುರಿಸಿದ ಸ್ಥಿತಿಗಳು ಸರಳವಾಗಿದ್ದವು. ಬೆಂಕಿ ಹಚ್ಚಿ ಆಡಿದ ತಾಲ್‌ನ ಸರಾಸರಿಯನ್ನು ಅದರ ಪಕ್ಕ ಇಡುವಾಗ ಇದನ್ನು ಮರೆತರೆ, ಅಳೆದದ್ದು ಕೌಶಲವೋ ಶೈಲಿಯೋ ಗೊತ್ತಾಗದು.

ವಿಶ್ಲೇಷಿಸಿದ ಸ್ಥಿತಿಯನ್ನು ಉಳಿಸುವಾಗ ಫೆನ್, ಎಂಜಿನ್‌ನ ಆವೃತ್ತಿ, ನೋಡ್ ಸಂಖ್ಯೆ, ನಿರ್ಣಾಯಕ ಸರಣಿ ಇಷ್ಟನ್ನೂ ಬರೆದಿಡಿ. ಮುಂದಿನ ವರ್ಷದ ಆವೃತ್ತಿ ಬೇರೆ ಮಾತಾಡಿದಾಗ ಹೋಲಿಸಲು ಬೇಕಾಗುತ್ತದೆ. ಅದರ ಕೆಳಗೆ ಅಂಕಿಯಿಲ್ಲದ ಒಂದು ವಾಕ್ಯ ಇರಲಿ: "ಸಿ4ರಲ್ಲಿ ಹೊಡೆತ ಚೆಕ್ ಸಮೇತ ಬರುತ್ತದೆ, ಹಾಗಾಗಿ ಜಿ8ರ ಆನೆ ಕಾಯಬಹುದು." ಈ ವಾಕ್ಯ ಬರೆಯಲು ಬರದಿದ್ದರೆ ಆ ಸ್ಥಿತಿಗೆ ಮರಳಿ ಹೋಗಿ ಇನ್ನೊಂದು ಕಾಯಿ ಸರಿಸಿ ಕೇಳಿ.